ನದಿ ಕಡಲು ಸೇರುವ ಜಾಗ ಮಾಡೆಲ್‌ನಲ್ಲಿ ಎಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಡೀ ಸಾಗರವನ್ನು ಚೌಕ ಚೌಕವಾಗಿ, ಪದರ ಪದರವಾಗಿ ಹೋಳು ಮಾಡಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಜಾಗತಿಕ ಸಾಗರ ಮಾಡೆಲ್‌ನ ಫಲಿತಾಂಶವನ್ನು ಮೊದಲ ಸಲ ನಕ್ಷೆಯಾಗಿ ಬಿಡಿಸಿ ನೋಡಿದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು. ನಡುಗಡಲಿನ ಉಪ್ಪಿನಂಶ ಚೆನ್ನಾಗಿದೆ, ನದಿ ಬಾಯಿಯ ಹತ್ತಿರ ಮಾತ್ರ ಏನೋ ಎಡವಟ್ಟಾಗಿದೆ, ಯಾಕೆ? ಒಂದು ಕಡೆ ನೂರಾರು ಕಿಲೋಮೀಟರ್ ಕಡಲೇ ಸಪ್ಪೆ. ಇನ್ನೊಂದು ಕಡೆ ದೊಡ್ಡ ನದಿಯೇ ಮಾಯ. ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೂಡಿಸು, ಕಳೆ, ಗುಣಿಸು, ಭಾಗಿಸು ಬಂದರೆ ಸಾಕು, ಅದಕ್ಕಿಂತ ಜಾಸ್ತಿ ಗಣಿತ ಬೇಡ.

ಸಾಗರ ಇಷ್ಟು ದೊಡ್ಡದು. ನದಿ ನೀರು ಲೆಕ್ಕಕ್ಕೆ ಬರುತ್ತದಾ?

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನಿಸುವುದು ಸಹಜ. ಭೂಮಿಯ ಎಲ್ಲ ನದಿಗಳು ಸೇರಿ ವರ್ಷಕ್ಕೆ ಸುಮಾರು 37,000 ಘನ ಕಿಲೋಮೀಟರ್ ನೀರನ್ನು ಕಡಲಿಗೆ ತರುತ್ತವೆ. ಅದನ್ನು ಇಡೀ ಸಾಗರದ ಮೇಲೆ ಸಮನಾಗಿ ಹರಡಿದರೆ ಸಿಗುವುದು 10 ಸೆಂಟಿಮೀಟರ್ ದಪ್ಪದ ಪದರ. ಸಾಗರದಿಂದ ಆವಿಯಾಗುವ ನೀರು, ಸಾಗರದ ಮೇಲೆ ಬೀಳುವ ಮಳೆಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಜಾಸ್ತಿ. ಆ ಕೊರತೆಯನ್ನು ತುಂಬುವುದು ಹೆಚ್ಚಾಗಿ ನದಿಗಳೇ.

ಆದರೆ ನದಿ ನೀರು ಸಮನಾಗಿ ಹರಡಿ ಬೀಳುವುದಿಲ್ಲ, ಅಲ್ವಾ? ಕಡಲಂಚಿನ ಕೆಲವೇ ಚುಕ್ಕಿಗಳಲ್ಲಿ ಬಂದು ಸುರಿಯುತ್ತದೆ. ಅಮೆಜಾನ್ ಒಂದೇ ಸೆಕೆಂಡಿಗೆ ಸರಾಸರಿ ಸುಮಾರು 2 ಲಕ್ಷ ಘನ ಮೀಟರ್ ನೀರು ತರುತ್ತದೆ. ಜಗತ್ತಿನ ನದಿ ನೀರಿನಲ್ಲಿ ಅದರದ್ದೇ ಆರನೇ ಒಂದು ಪಾಲಿಗಿಂತ ಜಾಸ್ತಿ. ಎರಡನೇ ಸ್ಥಾನದ ಕಾಂಗೊ ಸುಮಾರು 40,000 ಘನ ಮೀಟರ್. ಆರ್ಕ್‌ಟಿಕ್ ಸಾಗರದ ಕಥೆ ಇನ್ನೂ ವಿಚಿತ್ರ. ಜಗತ್ತಿನ ಸಾಗರ ನೀರಿನಲ್ಲಿ ಅದರ ಪಾಲು ನೂರಕ್ಕೆ ಒಂದು. ಯೆನಿಸಿ, ಲೆನಾ, ಓಬ್, ಮೆಕೆಂಜಿಯಂಥ ನದಿಗಳಿಂದ ಅದಕ್ಕೆ ಬರುವುದು ಜಗತ್ತಿನ ನದಿ ನೀರಿನ ನೂರಕ್ಕೆ ಹತ್ತಕ್ಕೂ ಮೇಲೆ.

ಈ ವಿಷಯದ ಬರಹಗಳಲ್ಲಿ ‘ಸ್ವೆರ್‌ಡ್ರುಪ್’ ಅನ್ನುವ ಅಳತೆ ಕಾಣುತ್ತದೆ. ನಾರ್ವೆಯ ಸಾಗರ ವಿಜ್ಞಾನಿ ಹರಾಲ್ಡ್ ಸ್ವೆರ್‌ಡ್ರುಪ್ ಅವರ ಹೆಸರದು. ಒಂದು ಸ್ವೆರ್‌ಡ್ರುಪ್ ಅಂದರೆ ಸೆಕೆಂಡಿಗೆ 10 ಲಕ್ಷ ಘನ ಮೀಟರ್. ಎಲ್ಲ ನದಿಗಳು ಸೇರಿದರೆ 1.2ರ ಆಸುಪಾಸು.

ಉಪ್ಪು ಸ್ವಲ್ಪ ಕಡಿಮೆಯಾದರೆ ಏನು ಮಹಾ ಆಗುತ್ತದೆ?

ನೀರಿನ ತೂಕ ಬದಲಾಗುತ್ತದೆ. ಒಂದು ಕಿಲೋ ಕಡಲ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪಿರುತ್ತದೆ. ಅದರಲ್ಲಿ ಒಂದು ಗ್ರಾಂ ಇಳಿದರೆ ಒಂದು ಘನ ಮೀಟರ್ ನೀರು ಮುಕ್ಕಾಲು ಕಿಲೋದಷ್ಟು ಹಗುರವಾಗುತ್ತದೆ. ಬೆಚ್ಚನೆಯ ಕಡಲಲ್ಲಿ ಒಂದು ಡಿಗ್ರಿ ಬಿಸಿಯೇರಿದರೆ ಹಗುರವಾಗುವುದು ಸುಮಾರು 0.3 ಕಿಲೋ ಮಾತ್ರ. ಅಂದರೆ ಒಂದು ಗ್ರಾಂ ಉಪ್ಪು ಎರಡು ಡಿಗ್ರಿ ಬಿಸಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಹೆಪ್ಪುಗಟ್ಟುವಷ್ಟು ತಣ್ಣಗಿನ ನೀರಿನಲ್ಲಂತೂ ಬಿಸಿಯ ಪ್ರಭಾವ ತೀರಾ ಕಡಿಮೆ, ಅಲ್ಲಿ ಉಪ್ಪಿನದ್ದೇ ದರ್ಬಾರು.

ಬಂಗಾಳ ಕೊಲ್ಲಿಯನ್ನೇ ನೋಡಿ. ಗಂಗಾ–ಬ್ರಹ್ಮಪುತ್ರ ವರ್ಷಕ್ಕೆ 1,000 ಘನ ಕಿಲೋಮೀಟರ್‌ಗೂ ಹೆಚ್ಚು ನೀರು ತರುತ್ತವೆ, ಅದರಲ್ಲಿ ಬಹುಪಾಲು ಮುಂಗಾರಿನ ಕೆಲವೇ ತಿಂಗಳಲ್ಲಿ. ಅದರ ಜೊತೆಗೆ ಕಡಲ ಮೇಲೆಯೇ ಸುರಿಯುವ ಮಳೆ. ಹಗುರವಾದ ಸಪ್ಪೆ ನೀರು ಮೇಲೆ ತೆಳುವಾಗಿ ನಿಲ್ಲುತ್ತದೆ. ಗಾಳಿ ಎಷ್ಟು ಬೀಸಿದರೂ ಕೆಳಗಿನ ನೀರು ಸುಲಭವಾಗಿ ಮೇಲೆ ಬರುವುದಿಲ್ಲ. ತೆಳು ಸಪ್ಪೆ ಪದರದ ಕೆಳಗೆ, ಬಿಸಿಯಾಗಿಯೇ ಇರುವ ಆದರೆ ಉಪ್ಪು ಜಾಸ್ತಿ ಇರುವ ಇನ್ನೊಂದು ಪದರ ಉಳಿದುಕೊಳ್ಳುತ್ತದೆ. ಅದಕ್ಕೆ ತಡೆ ಪದರ ಅನ್ನಬಹುದು. ಚಂಡಮಾರುತ ಹಾದುಹೋದಾಗ ಸಾಮಾನ್ಯವಾಗಿ ಕೆಳಗಿನ ತಣ್ಣೀರು ಮೇಲೆ ಬಂದು ಅದರ ಬಲ ಕುಂದಿಸುತ್ತದೆ. ತಡೆ ಪದರ ದಪ್ಪಗಿದ್ದರೆ ಆ ತಂಪು ಅಷ್ಟಾಗಿ ಸಿಗುವುದಿಲ್ಲ. ಮಾಡೆಲ್‌ನಲ್ಲಿ ನದಿ ತಪ್ಪಿದರೆ ಈ ಪದರ ತಪ್ಪುತ್ತದೆ. ಪದರ ತಪ್ಪಿದರೆ ಮೇಲ್ಮೈ ಬಿಸಿಯೂ ತಪ್ಪುತ್ತದೆ.

ಮಾಡೆಲ್‌ನೊಳಗೆ ನದಿ ಹೇಗಿರುತ್ತದೆ?

ಇರುವುದೇ ಇಲ್ಲ. ಇರುವುದು ಒಂದು ಫೈಲ್. ಯಾವ ಕರಾವಳಿ ಚೌಕಕ್ಕೆ ಯಾವ ತಿಂಗಳು ಅಥವಾ ಯಾವ ದಿನ ಎಷ್ಟು ನೀರು ಅನ್ನುವ ಪಟ್ಟಿ ಅದು. ಮಾಡೆಲ್ ಅದನ್ನು ಓದಿ, ಆ ಚೌಕದಲ್ಲಿ ಮಳೆ ಬಿದ್ದಂತೆ ನೀರು ಸುರಿಯುತ್ತದೆ. ನದಿಯ ವೇಗವಿಲ್ಲ, ದಿಕ್ಕಿಲ್ಲ, ದಡವಿಲ್ಲ.

ಚೌಕದ ಅಳತೆ ಗಮನಿಸಿ. ಗ್ರಿಡ್ ಅಂದರೆ ಈ ಚೌಕಗಳ ಬಲೆ. ಒಂದು ಡಿಗ್ರಿ ಗ್ರಿಡ್ ಅಂದರೆ ಚೌಕದ ಬದಿ ಸಮಭಾಜಕದ ಹತ್ತಿರ ಸುಮಾರು 110 ಕಿಲೋಮೀಟರ್. ಕಾಲು ಡಿಗ್ರಿ ಅಂದರೆ 28. ಹೆಚ್ಚಿನ ನದಿಗಳ ಬಾಯಿ ಒಂದೆರಡು ಕಿಲೋಮೀಟರ್ ಅಗಲವೂ ಇರುವುದಿಲ್ಲ. ಬಲೆಯ ಕಣ್ಣಿಗಿಂತ ಮೀನು ಚಿಕ್ಕದು.

ಒಂದು ಸಣ್ಣ ಲೆಕ್ಕ ಮಾಡೋಣ. ಕಾಲು ಡಿಗ್ರಿ ಚೌಕ, ಮೇಲಿನ ಪದರ ಒಂದು ಮೀಟರ್ ದಪ್ಪ. ಅದರಲ್ಲಿ ಹಿಡಿಯುವ ನೀರು ಸುಮಾರು 77 ಕೋಟಿ ಘನ ಮೀಟರ್. ಅಮೆಜಾನ್ ನೀರನ್ನೆಲ್ಲ ಈ ಒಂದೇ ಚೌಕಕ್ಕೆ ಬಿಟ್ಟರೆ ಅದು ತುಂಬಲು ಒಂದು ಗಂಟೆ ಚಿಲ್ಲರೆ ಸಾಕು. ಅದೇ ಒಂದು ಡಿಗ್ರಿ ಚೌಕ, 10 ಮೀಟರ್ ಪದರವಾದರೆ ಒಂದು ವಾರ ಬೇಕು. ನದಿ ಅದೇ, ನೀರೂ ಅಷ್ಟೇ. ಆದರೂ ಒಂದು ಮಾಡೆಲ್‌ನಲ್ಲಿ ಒಂದು ಗಂಟೆಗೇ ಚೌಕ ಪೂರ್ತಿ ಸಪ್ಪೆ, ಇನ್ನೊಂದರಲ್ಲಿ ನಿಧಾನಕ್ಕೆ ತೆಳುವಾಗುವ ಉಪ್ಪು. ಕರಾವಳಿ ಉಪ್ಪಿನಂಶವನ್ನು ಅರ್ಧಕ್ಕರ್ಧ ತೀರ್ಮಾನಿಸುವುದು ನದಿಯಲ್ಲ, ಚೌಕದ ಅಳತೆ. ಮುಂದೆ ಬರುವ ಉಪಾಯಗಳೆಲ್ಲ ಇದನ್ನು ಸಂಭಾಳಿಸಲು ಮಾಡಿಕೊಂಡ ರಾಜಿಗಳೇ.

ಕೆಲವು ಮಾಡೆಲ್‌ಗಳು ನೀರು ಸೇರಿಸುವ ಬದಲು ಉಪ್ಪು ತೆಗೆಯುತ್ತವಂತೆ. ನಿಜವಾ?

ನಿಜ. ಹಳೆಯ ಮಾಡೆಲ್‌ಗಳಲ್ಲಿ ಕಡಲ ಮೇಲ್ಮೈ ಅಲುಗಾಡದ ಮುಚ್ಚಳದಂತಿತ್ತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂದಮೇಲೆ ಹೊಸ ನೀರಿಗೆ ಜಾಗ ಎಲ್ಲಿ? ನೀರು ಸೇರಿದರೆ ಉಪ್ಪಿನಂಶ ಎಷ್ಟು ಇಳಿಯುತ್ತಿತ್ತೋ ಅಷ್ಟು ಉಪ್ಪನ್ನೇ ತೆಗೆದುಬಿಟ್ಟರು. ಇದಕ್ಕೆ ಹುಸಿ ಉಪ್ಪಿನ ಲೆಕ್ಕ ಎಂದು ಕರೆಯೋಣ. ಮುಚ್ಚಳ ಹೋಗಿ, ಮೇಲ್ಮೈ ಏರಿಳಿಯುವ ಮಾಡೆಲ್‌ಗಳು ಬಂದ ಮೇಲೂ ಈ ಪದ್ಧತಿ ಕೆಲವು ಕಡೆ ಹಾಗೇ ಉಳಿದಿದೆ.

ತೊಡಕು ಇರುವುದು ಎಷ್ಟು ಉಪ್ಪು ತೆಗೆಯಬೇಕು ಅನ್ನುವಲ್ಲಿ. ಎರಡು ದಾರಿಗಳಿವೆ, ಎರಡರಲ್ಲೂ ಮುಳ್ಳಿದೆ.

ಮೊದಲನೆಯದು, ಇಡೀ ಜಗತ್ತಿಗೆ ಒಂದೇ ಸಂಖ್ಯೆ ಇಟ್ಟುಕೊಳ್ಳುವುದು. 35 ಅನ್ನಿ, ಅಂದರೆ ಕಿಲೋಗೆ 35 ಗ್ರಾಂ. ನದಿ ನೀರು ಎಲ್ಲೇ ಬರಲಿ, ಅಲ್ಲಿನ ಉಪ್ಪು 35 ಎಂದುಕೊಂಡು ತೆಗೆಯುವುದು. ಒಟ್ಟು ಉಪ್ಪಿನ ಲೆಕ್ಕ ಸರಿಹೋಗುತ್ತದೆ. ಆದರೆ ನದಿ ಬಾಯಿಯ ಚೌಕದಲ್ಲಿ ಉಪ್ಪು ಆಗಲೇ 10ಕ್ಕೆ ಇಳಿದಿದ್ದರೆ? ಮಾಡೆಲ್ ಇನ್ನೂ 35ರ ಲೆಕ್ಕದಲ್ಲೇ ಕಿತ್ತುಕೊಳ್ಳುತ್ತದೆ, ತೆಗೆಯಬೇಕಾದ್ದರ ಮೂರೂವರೆ ಪಟ್ಟು. ಕೊನೆಗೆ ಉಪ್ಪು ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಎರಡನೆಯದು, ಆ ಜಾಗದಲ್ಲಿ ಆ ಹೊತ್ತಿಗೆ ಇರುವ ಉಪ್ಪನ್ನೇ ಬಳಸುವುದು. ಉಪ್ಪು ಕಡಿಮೆಯಾದಂತೆ ತೆಗೆಯುವುದೂ ಕಡಿಮೆ. ಸೊನ್ನೆಗಿಂತ ಕೆಳಗೆ ಹೋಗುವ ಭಯವಿಲ್ಲ. ಆದರೆ ಆವಿಯಾಗುವ ಕಡೆ ಸೇರಿಸುವ ಉಪ್ಪಿಗೂ ನದಿಯ ಕಡೆ ತೆಗೆಯುವ ಉಪ್ಪಿಗೂ ತಾಳೆಯಾಗುವುದಿಲ್ಲ. ವರ್ಷಗಟ್ಟಲೆ ಓಡಿಸಿದರೆ ಇಡೀ ಸಾಗರದ ಉಪ್ಪು ಮೆಲ್ಲಗೆ ಜಾರುತ್ತದೆ. ಅದನ್ನು ಸರಿಪಡಿಸಲು ಎಲ್ಲ ಕಡೆಗೂ ಒಂದು ಚಿಟಿಕೆ ಉಪ್ಪು ಹಾಕುವುದೋ ತೆಗೆಯುವುದೋ ಮಾಡಬೇಕಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ನಿಜವಾದ ನೀರನ್ನೇ ಸೇರಿಸುವ ಮಾಡೆಲ್ ಸಿಗುವಾಗ ಕರಾವಳಿ ಕೆಲಸಕ್ಕೆ ಹುಸಿ ಲೆಕ್ಕದ ಗೊಡವೆ ಬೇಡ. ನೀರು ಸೇರಿದಾಗ ಗಾತ್ರ ಹಿಗ್ಗಬೇಕು, ಉಪ್ಪು ಇದ್ದಷ್ಟೇ ಇರಬೇಕು. ಪ್ರಕೃತಿಯಲ್ಲಿ ಆಗುವುದು ಅದೇ. ಅದರಲ್ಲೂ ಒಂದು ಎಚ್ಚರ ಬೇಕು. ಮಳೆ, ಆವಿ, ನದಿ ಮೂರೂ ಬೇರೆ ಬೇರೆ ಮೂಲದಿಂದ ಬಂದಿದ್ದರೆ ಒಟ್ಟು ಕೂಡಿದಾಗ ಸೊನ್ನೆ ಬರುವುದಿಲ್ಲ, ಕಡಲ ಮಟ್ಟ ವರ್ಷದಿಂದ ವರ್ಷಕ್ಕೆ ಸುಮ್ನೆ ಏರುತ್ತಲೋ ಇಳಿಯುತ್ತಲೋ ಹೋಗುತ್ತದೆ. ಅದಕ್ಕೇ ಅನೇಕ ಮಾಡೆಲ್‌ಗಳು ಒಟ್ಟು ನೀರನ್ನು ಆಗಾಗ ಸರಿದೂಗಿಸುತ್ತವೆ.

ನಿಜವಾದ ನೀರು ಸೇರಿಸಿದರೂ ನನ್ನ ಫೈಲ್‌ನಲ್ಲಿ ಉಪ್ಪು ಮೈನಸ್ ಬಂದಿದೆ!

ಬರಬಹುದು. ಒಂದು ಚೌಕ ಸಪ್ಪೆ, ಪಕ್ಕದ್ದು 35. ಇಷ್ಟು ಕಡಿದಾದ ಅಂಚನ್ನು ಸಾಗಿಸುವಾಗ ಲೆಕ್ಕದ ವಿಧಾನ ಸ್ವಲ್ಪ ಹಾರಿಬೀಳುತ್ತದೆ, ಒಂದು ಕಡೆ ಬೇಕಾದ್ದಕ್ಕಿಂತ ಮೇಲೆ, ಇನ್ನೊಂದು ಕಡೆ ಕೆಳಗೆ. ಹೀಗೆ ಹಾರದಂತೆ ಕಡಿವಾಣ ಇರುವ ವಿಧಾನಗಳೂ ಇವೆ. ಮೈನಸ್ ಕಂಡ ಕೂಡಲೇ ಅದನ್ನು ಸೊನ್ನೆ ಮಾಡಿಬಿಡಬೇಡಿ. ಹಾಗೆ ಮಾಡಿದರೆ ಇಲ್ಲದ ಉಪ್ಪನ್ನು ಕಡಲಿಗೆ ಸೇರಿಸಿದಂತಾಗುತ್ತದೆ.

ಹಾಗಾದರೆ ನೀರನ್ನು ಸ್ವಲ್ಪ ಹರಡಿ ಬಿಟ್ಟರೆ ಆಗದೇ?

ಅದನ್ನೇ ಮಾಡುತ್ತಾರೆ. ಅಡ್ಡಕ್ಕೆ ಕೆಲವು ಚೌಕಗಳಿಗೆ, ಆಳಕ್ಕೆ ಕೆಲವು ಪದರಗಳಿಗೆ ಹಂಚುತ್ತಾರೆ. ಅಥವಾ ನದಿ ಬಾಯಿಯಲ್ಲಿ ಮೇಲಿಂದ ಕೆಳಕ್ಕೆ ಬೆರೆಯುವುದನ್ನು ಬೇಕೆಂದೇ ಹೆಚ್ಚಿಸುತ್ತಾರೆ. ಯುರೋಪಿನಲ್ಲಿ ಬಹಳ ಬಳಕೆಯಲ್ಲಿರುವ ನೆಮೊ ಮಾಡೆಲ್‌ನಲ್ಲಿ ಇದಕ್ಕೊಂದು ಆಯ್ಕೆಯಿದೆ. ವಾಡಿಕೆಯಲ್ಲಿ ಅದನ್ನು ಮೇಲಿನ 15 ಮೀಟರ್‌ಗೆ ಇಟ್ಟಿರುತ್ತಾರೆ.

15 ಯಾಕೆ, 12 ಯಾಕಲ್ಲ ಎಂದು ಕೇಳಿದರೆ ನೆಟ್ಟಗಿನ ಉತ್ತರವಿಲ್ಲ. ಜಗತ್ತಿನ ಎಲ್ಲ ನದಿಗೂ ಒಂದೇ ಆಳ ಹೊಂದುವುದೂ ಇಲ್ಲ. ಉಬ್ಬರ ಜೋರಾಗಿರುವ ಕಡೆ ನೀರು ತಳದವರೆಗೂ ಕಲಕಿಹೋಗುತ್ತದೆ. ಉಬ್ಬರ ಕಡಿಮೆ ಇರುವ ಕಡೆ ಸಪ್ಪೆ ನೀರು ಮೇಲೆ ತೇಲುತ್ತದೆ, ಉಪ್ಪುನೀರು ಅಡಿಯಿಂದ ಬೆಣೆಯಂತೆ ಒಳಗೆ ನುಗ್ಗುತ್ತದೆ. ಹರಡುವ ಈ ಉಪಾಯ ಒಂದು ದೊಡ್ಡ ಸಂಗತಿಗೆ ಕೊಟ್ಟ ಸಣ್ಣ ಬದಲಿ. ಆ ಸಂಗತಿ ಅಳಿವೆ, ಅಂದರೆ ನದಿ ನೀರೂ ಕಡಲ ನೀರೂ ಬೆರೆಯುವ ನದಿ ಬಾಯಿ.

ಅಳಿವೆಯಲ್ಲಿ ಅಂಥದ್ದೇನು ನಡೆಯುತ್ತದೆ?

ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾಗುವುದು ಇದೇ.

ನದಿ ನೀರು ನದಿ ನೀರಾಗಿಯೇ ಕಡಲು ಸೇರುವುದು ಅಪರೂಪ. ಅಳಿವೆಯಲ್ಲಿ ಕಡಲ ನೀರು ಅಡಿಯಿಂದ ಒಳಗೆ ಬರುತ್ತದೆ, ನದಿ ನೀರಿನ ಜೊತೆ ಬೆರೆಯುತ್ತದೆ, ಬೆರೆತ ನೀರು ಮೇಲಿಂದ ಹೊರಗೆ ಹೋಗುತ್ತದೆ. ಎಷ್ಟು ಒಳಗೆ, ಎಷ್ಟು ಹೊರಗೆ? ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸೆನ್ 1900ರಲ್ಲೇ ಇದಕ್ಕೆ ಸರಳ ದಾರಿ ತೋರಿಸಿದರು. ಎರಡೇ ಷರತ್ತು. ಹೊರಹೋಗುವ ನೀರು, ಒಳಬರುವ ನೀರು ಮತ್ತು ನದಿ ನೀರು ಎರಡೂ ಕೂಡಿದಷ್ಟಕ್ಕೆ ಸಮ. ಹೊರಹೋಗುವ ಉಪ್ಪು ಒಳಬರುವ ಉಪ್ಪಿಗೆ ಸಮ.

ಒಳಬರುವ ನೀರಿನ ಉಪ್ಪು 33, ಹೊರಹೋಗುವ ನೀರಿನದ್ದು 30 ಅಂದುಕೊಳ್ಳಿ. ನದಿ ಒಂದು ಪಾಲು ನೀರು ತಂದರೆ, ಕಡಲಿನಿಂದ 10 ಪಾಲು ಒಳಗೆ ಬರುತ್ತದೆ, 11 ಪಾಲು ಹೊರಗೆ ಹೋಗುತ್ತದೆ. ತಾಳೆ ನೋಡಿ: 10ನ್ನು 33ರಿಂದ ಗುಣಿಸಿದರೆ 330, 11ನ್ನು 30ರಿಂದ ಗುಣಿಸಿದರೂ 330. ಅಂದರೆ ಕಡಲಿಗೆ ಹೊರಬರುವ ಹರಿವು ನದಿಯ ಹನ್ನೊಂದು ಪಟ್ಟು!

ಈಗ ಮಾಡೆಲ್ ಮಾಡುವುದನ್ನು ಇದರ ಪಕ್ಕ ಇಡಿ. ಒಂದು ಪಾಲು ಪೂರ್ತಿ ಸಪ್ಪೆ ನೀರನ್ನು ಮೇಲಿನ ಪದರಕ್ಕೆ ಸುರಿಯುತ್ತದೆ. ಸೇರಿದ ಸಿಹಿನೀರಿನ ಒಟ್ಟು ಲೆಕ್ಕ ಸರಿಯೇ. ಆದರೆ ಹನ್ನೊಂದು ಪಾಲು ಹೊರಗೆ ಹೋಗುವ, ಅಡಿಯಿಂದ ಹತ್ತು ಪಾಲು ಒಳಗೆಳೆಯುವ ಆ ಗಾಣ ಇಲ್ಲಿ ಇಲ್ಲ. ಹಾಗಾಗಿ ಮಾಡೆಲ್‌ನ ಮೇಲ್ಮೈ ತೀರಾ ಸಪ್ಪೆ, ಕೆಳಗಿನ ಪದರ ತೀರಾ ಉಪ್ಪು, ನಡುವಿನ ಹರಿವು ತೀರಾ ದುರ್ಬಲ.

ಇದನ್ನು ಸರಿಮಾಡಲು ಪ್ರತಿ ನದಿ ಬಾಯಿಗೂ ಒಂದು ಪುಟ್ಟ ಪೆಟ್ಟಿಗೆ ಮಾಡೆಲ್ ಜೋಡಿಸುವ ಪ್ರಯತ್ನ ನಡೆದಿದೆ. ಅಮೆರಿಕದ ಸಿಇಎಸ್‌ಎಂ ಎಂಬ ಹವಾಮಾನ ಮಾಡೆಲ್‌ನಲ್ಲಿ ಅದನ್ನು ಅಳವಡಿಸಿದ್ದಾರೆ. ಪೆಟ್ಟಿಗೆ ನದಿ ನೀರನ್ನೂ ಕಡಲ ಉಪ್ಪನ್ನೂ ನೋಡಿ, ಎಷ್ಟು ಒಳಗೆ, ಎಷ್ಟು ಹೊರಗೆ ಎಂದು ಲೆಕ್ಕ ಹಾಕಿ ಕೊಡುತ್ತದೆ. 15 ಮೀಟರ್‌ನಂಥ ಕೈಗೆ ಬಂದ ಸಂಖ್ಯೆಗಿಂತ ಇದು ಎಷ್ಟೋ ವಾಸಿ. ಅಳಿವೆಯ ಅಗಲ, ಆಳ, ಉಬ್ಬರದ ಬಲ ಇವನ್ನೆಲ್ಲ ಜಗತ್ತಿನ ಪ್ರತಿ ನದಿಗೂ ಹೊಂದಿಸುವುದೇ ಅದರಲ್ಲಿ ತಲೆನೋವು.

ನದಿ ನೀರಿನ ಬಿಸಿ ಎಷ್ಟೆಂದು ಮಾಡೆಲ್‌ಗೆ ಗೊತ್ತಾ?

ಬಹಳ ಸಲ ಗೊತ್ತಿಲ್ಲ. ಕಡಲ ಮೇಲ್ಮೈ ಎಷ್ಟು ಬಿಸಿಯೋ ನದಿಯೂ ಅಷ್ಟೇ ಎಂದುಕೊಳ್ಳುತ್ತದೆ. ಉಷ್ಣವಲಯದಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಆರ್ಕ್‌ಟಿಕ್‌ನಲ್ಲಿ ಬೇಸಿಗೆಯ ನದಿ ಕಡಲಿಗಿಂತ ಬೆಚ್ಚಗಿರುತ್ತದೆ, ಮಂಜು ಕರಗಿಸುತ್ತದೆ. ಅಲ್ಲಿ ಕೆಲಸ ಮಾಡುವವರು ಇದನ್ನು ನೋಡಿಕೊಳ್ಳಲೇಬೇಕು.

ಎಷ್ಟು ನೀರು ಬರುತ್ತದೆ ಅನ್ನುವ ಅಂಕಿಗಳು ಸಿಗುವುದು ಎಲ್ಲಿಂದ?

ನದಿಗಳ ಮೇಲಿನ ಮಾಪನ ಕೇಂದ್ರಗಳಿಂದ. ಜರ್ಮನಿಯ ಕೊಬ್ಲೆನ್ಜ್‌ನಲ್ಲಿ ಇಂಥ ದಾಖಲೆಗಳ ಜಾಗತಿಕ ಕೇಂದ್ರವೇ ಇದೆ. ಬಹಳ ಕಾಲ ಮಾಡೆಲ್‌ಗಳು ನೆಚ್ಚಿಕೊಂಡದ್ದು ಡೈ ಮತ್ತು ಟ್ರೆನ್‌ಬರ್ತ್ ತಂಡದ ದತ್ತಾಂಶವನ್ನು. ಅದರ 2009ರ ಆವೃತ್ತಿಯಲ್ಲಿ 925 ನದಿಗಳಿವೆ.

ಆದರೆ ಮಾಪನ ಕೇಂದ್ರ ನದಿ ಬಾಯಿಯಲ್ಲಿ ಇರುವುದಿಲ್ಲ. ಉಬ್ಬರವಿಳಿತ ತಲುಪುವ ಕಡೆ ಹರಿವು ಅಳೆಯುವುದು ಕಷ್ಟ. ಅಮೆಜಾನ್‌ನ ಪ್ರಸಿದ್ಧ ಕೇಂದ್ರ ಓಬಿಡೊಸ್‌ನಲ್ಲಿದೆ, ಕಡಲಿನಿಂದ ಸುಮಾರು 800 ಕಿಲೋಮೀಟರ್ ಒಳಗೆ. ತಪಜೋಸ್, ಶಿಂಗು ಎಂಬ ದೊಡ್ಡ ಉಪನದಿಗಳು ಸೇರುವುದು ಅದರ ಕೆಳಗೆ. ಅವನ್ನು ಅಂದಾಜಿನಲ್ಲಿ ಕೂಡಿಸಬೇಕು. ಅಣೆಕಟ್ಟುಗಳ ಗೋಳು ಬೇರೆ. 1960ರ ದಶಕದಲ್ಲಿ ಈಜಿಪ್ಟಿನ ಅಸ್ವಾನ್ ಹೈ ಡ್ಯಾಮ್ ನೀರು ಹಿಡಿದಿಡತೊಡಗಿದ ಮೇಲೆ ಮೆಡಿಟರೇನಿಯನ್‌ಗೆ ನೈಲ್ ತರುತ್ತಿದ್ದ ಪ್ರವಾಹದ ನೀರು ನಿಂತೇಹೋಯಿತು. ಹಳೆಯ ಸರಾಸರಿ ಹಿಡಿದುಕೊಂಡ ಮಾಡೆಲ್‌ಗೆ ಇದು ಗೊತ್ತಾಗುವುದಿಲ್ಲ.

ತಿಂಗಳ ಸರಾಸರಿ ಬಳಸಿದರೆ ನೆರೆ ಬಂದ ವರ್ಷವೂ ಬರಗಾಲದ ವರ್ಷವೂ ಒಂದೇ. ಈಗ ದಿನದಿನದ ಹರಿವು ಕೊಡುವ ದತ್ತಾಂಶಗಳು ಬಂದಿವೆ. ಸಾಗರ ಮಾಡೆಲ್‌ಗಳನ್ನು ಓಡಿಸಲೆಂದೇ ಮಾಡಿದ ಜೆಆರ್‌ಎ55-ಡಿಒ ಅಂಥದ್ದು. ಅದರ ನದಿ ನೀರು ಕ್ಯಾಮಾ-ಫ್ಲಡ್ ಎಂಬ ನದಿ ಮಾಡೆಲ್‌ನಿಂದ ಬರುತ್ತದೆ. ಅಲ್ಲಿಗೆ ಒಂದು ಮಾಡೆಲ್‌ನ ತಪ್ಪು ಇನ್ನೊಂದಕ್ಕೆ ಬಳುವಳಿಯಾಗಿ ಹೋಗುತ್ತದೆ, ಆದರೂ ತಿಂಗಳ ಸರಾಸರಿಗಿಂತ ಇದೇ ಮೇಲು.

ಉಪ್ಪಿನಂಶವನ್ನು ‘ಎಳೆದು ತರುವುದು’ ಅಂದರೆ ಏನು? ಅದು ಮೋಸವಲ್ಲವಾ?

ಮೋಸ ಅನ್ನಲಾರೆ, ಊರುಗೋಲು ಅನ್ನಬಹುದು. ಮಾಡೆಲ್‌ನ ಬಿಸಿ ತಪ್ಪಿದರೆ ಮೇಲಿನ ಗಾಳಿ ಅದನ್ನು ಸ್ವಲ್ಪ ತಿದ್ದುತ್ತದೆ. ಬಿಸಿ ಜಾಸ್ತಿಯಾದ ಕಡಲು ಜಾಸ್ತಿ ಶಾಖ ಬಿಟ್ಟುಕೊಡುತ್ತದೆ. ಉಪ್ಪಿಗೆ ಅಂಥ ತಿದ್ದುವವರಿಲ್ಲ. ಕಡಲು ಉಪ್ಪಾಯಿತೆಂದು ಮಳೆ ಜಾಸ್ತಿ ಬೀಳುವುದಿಲ್ಲ. ಮಳೆಯ ಅಂಕಿಯಲ್ಲಿ ಸಣ್ಣ ತಪ್ಪಿದ್ದರೂ ಅದು ವರ್ಷವರ್ಷ ಕೂಡುತ್ತಲೇ ಹೋಗುತ್ತದೆ. ಹಾಗಾಗಿ ಮೇಲ್ಮೈ ಉಪ್ಪನ್ನು ಅಳತೆಯ ಸರಾಸರಿ ನಕ್ಷೆಯ ಕಡೆಗೆ ಮೆಲ್ಲಗೆ ಎಳೆಯುತ್ತಾರೆ. ಎಷ್ಟು ಮೆಲ್ಲಗೆ? 50 ಮೀಟರ್ ಪದರಕ್ಕೆ 300 ದಿನ ಅನ್ನುವುದು ಒಂದು ರೂಢಿಯ ಲೆಕ್ಕ.

ನಡುಗಡಲಲ್ಲಿ ಇದು ಒಳ್ಳೆಯದೇ. ನದಿ ಬಾಯಿಯಲ್ಲಿ ಅನಾಹುತ. ಆ ಸರಾಸರಿ ನಕ್ಷೆಯನ್ನು ದೂರದೂರದ ಅಳತೆಗಳನ್ನು ನುಣ್ಣಗೆ ಹರಡಿ ಮಾಡಿರುತ್ತಾರೆ. ಅದರಲ್ಲಿ ನದಿಯ ಸಪ್ಪೆ ನೀರಿನ ಪಟ್ಟಿ ಸರಿಯಾಗಿ ಇರುವುದೇ ಇಲ್ಲ. ನದಿ ಒಂದು ಕಡೆಯಿಂದ ಸಿಹಿನೀರು ಸುರಿಯುತ್ತದೆ, ಈ ಎಳೆತ ಇನ್ನೊಂದು ಕಡೆಯಿಂದ ಉಪ್ಪು ಹಾಕುತ್ತದೆ. ನೆರೆ ವರ್ಷದ ಗುರುತನ್ನೂ ಒರೆಸಿಹಾಕುತ್ತದೆ. ಅದಕ್ಕೇ ನದಿ ಬಾಯಿಯ ಚೌಕಗಳಲ್ಲಿ ಇದನ್ನು ನಿಲ್ಲಿಸುವ ಸೌಲಭ್ಯ ಕೆಲವು ಮಾಡೆಲ್‌ಗಳಲ್ಲಿದೆ. ಆದರೆ ಪಕ್ಕದ ಚೌಕಗಳಲ್ಲಿ ಅದು ನಡೆಯುತ್ತಲೇ ಇರುತ್ತದೆ, ಸಪ್ಪೆ ನೀರು ಅಲ್ಲಿಗೆ ಕಾಲಿಟ್ಟ ಕೂಡಲೇ ಸಿಕ್ಕಿಬೀಳುತ್ತದೆ.

ಗ್ರಿಡ್ ಸಣ್ಣದು ಮಾಡಿದರೆ ಎಲ್ಲ ಸರಿಹೋಗುತ್ತದಾ?

ಸ್ವಲ್ಪ ಮಟ್ಟಿಗೆ. ಭೂಮಿ ತಿರುಗುವುದರಿಂದ ನದಿ ಬಾಯಿಯಿಂದ ಹೊರಬಂದ ನೀರು ಉತ್ತರಾರ್ಧದಲ್ಲಿ ಬಲಕ್ಕೆ, ದಕ್ಷಿಣಾರ್ಧದಲ್ಲಿ ಎಡಕ್ಕೆ ವಾಲುತ್ತದೆ, ದಡ ಹಿಡಿದು ಸಾಗುತ್ತದೆ. ಆ ಪಟ್ಟಿಯ ಅಗಲ ಕೆಲವೇ ಕಿಲೋಮೀಟರ್‌ನಿಂದ ಕೆಲವು ಹತ್ತು ಕಿಲೋಮೀಟರ್. ಒಂದು ಡಿಗ್ರಿ ಗ್ರಿಡ್‌ಗೆ ಇದು ಕಾಣುವುದೇ ಇಲ್ಲ. ಅಲ್ಲಿ ನೀರು ದಡ ಬಿಟ್ಟು ಸೀದಾ ನಡುಗಡಲಿಗೆ ಹರಡಿಬಿಡುತ್ತದೆ. ಹನ್ನೆರಡನೇ ಒಂದು ಡಿಗ್ರಿಯಲ್ಲಿ ಚೌಕ 9 ಕಿಲೋಮೀಟರ್. 30 ಕಿಲೋಮೀಟರ್ ಪಟ್ಟಿಗೆ ಮೂರು ಚೌಕ ಸಿಕ್ಕವು. ಅಂತೂ ಪಟ್ಟಿ ಇದೆ ಎಂದಾದರೂ ಗೊತ್ತಾಗುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಇದಕ್ಕೊಂದು ಸೊಗಸಾದ ಸಾಕ್ಷಿಯಿದೆ. ಭಾರತದ ಪೂರ್ವ ಕರಾವಳಿಯ ಮೀನುಗಾರರು ಸಂಗ್ರಹಿಸಿ ಕೊಟ್ಟ ನೀರಿನಿಂದ, ಮುಂಗಾರು ಮುಗಿದ ಮೇಲೆ ದಡದುದ್ದಕ್ಕೂ ದಕ್ಷಿಣಕ್ಕೆ ಹರಿಯುವ, ಸುಮಾರು 100 ಕಿಲೋಮೀಟರ್ ಅಗಲದ ಸಪ್ಪೆ ನೀರಿನ ಪಟ್ಟಿ ಬೆಳಕಿಗೆ ಬಂತು. ಕಡಲೊಳಗಿನ ನದಿ ಎಂದೇ ಅದನ್ನು ಕರೆದರು. ಒಂದು ಡಿಗ್ರಿ ಮಾಡೆಲ್‌ನಲ್ಲಿ ಆ ನದಿಯ ಇಡೀ ಅಗಲ ಒಂದೇ ಚೌಕ.

ಗ್ರಿಡ್ ಸಣ್ಣದಾದರೂ ಉಬ್ಬರವಿಳಿತ ಇಲ್ಲದ ಮಾಡೆಲ್‌ನಲ್ಲಿ ಅಳಿವೆಯ ಕಲಕಾಟ ಇರುವುದಿಲ್ಲ. ಜಾಗತಿಕ ಮಾಡೆಲ್‌ಗಳಲ್ಲಿ ಬಹಳಷ್ಟು ಉಬ್ಬರವಿಳಿತವನ್ನು ಬಿಟ್ಟೇ ಓಡುತ್ತವೆ.

ಉಪಗ್ರಹದ ಅಳತೆಯ ಜೊತೆ ಹೋಲಿಸಬಹುದಾ?

ಹೋಲಿಸಿ, ಆದರೆ ದಡದ ಹತ್ತಿರ ಕಣ್ಣುಮುಚ್ಚಿ ನಂಬಬೇಡಿ. 2009ರ ನವೆಂಬರ್‌ನಲ್ಲಿ ಯುರೋಪಿನ ಸ್ಮಾಸ್, 2011ರಿಂದ 2015ರವರೆಗೆ ಅಕ್ವೇರಿಯಸ್, 2015ರಿಂದ ನಾಸಾದ ಸ್ಮ್ಯಾಪ್. ಇವೆಲ್ಲ 1.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ಅಲೆಗಳಲ್ಲಿ ಕಡಲನ್ನು ನೋಡುತ್ತವೆ. ಸ್ಮಾಸ್, ಸ್ಮ್ಯಾಪ್‌ಗಳಿಗೆ ಒಂದು ಸಲಕ್ಕೆ ಕಾಣುವ ಜಾಗ ಸುಮಾರು 40 ಕಿಲೋಮೀಟರ್ ಅಗಲ. ಅದರಲ್ಲಿ ನೆಲದ ತುಣುಕು ಸೇರಿದರೆ ಅಳತೆ ಕೆಡುತ್ತದೆ. ತಣ್ಣೀರಿನಲ್ಲಿ ಇನ್ನೂ ಮಂಕು. ಅಮೆಜಾನ್‌ನಂಥ ದೈತ್ಯ ಹರವನ್ನು ಮಾತ್ರ ಇವು ಚೆಂದವಾಗಿ ತೋರಿಸುತ್ತವೆ.

ಇನ್ನೊಂದು ವಿಷಯ. ಉಪಗ್ರಹ ಕಾಣುವುದು ಮೇಲಿನ ಒಂದು ಸೆಂಟಿಮೀಟರ್ ನೀರು. ಕಡಲಲ್ಲಿ ಮುಳುಗೇಳುತ್ತ ಉಪ್ಪು, ಬಿಸಿ ಅಳೆಯುವ ಆರ್ಗೊ ತೇಲುಯಂತ್ರಗಳು ಸಾಮಾನ್ಯವಾಗಿ ಅಳೆಯುವುದು ಸುಮಾರು 5 ಮೀಟರ್‌ಗಿಂತ ಕೆಳಗೆ, ಕಡಿಮೆ ಆಳದ ಕರಾವಳಿಗೆ ಅವು ಬರುವುದೂ ಅಪರೂಪ. ಮಾಡೆಲ್ ಕೊಡುವುದು ಇಡೀ ಪದರದ ಸರಾಸರಿ. ಮೂರೂ ಬೇರೆ ಬೇರೆ ಸಂಖ್ಯೆ ಹೇಳಿದರೆ ಮೂರೂ ಸರಿಯಿರಬಹುದು.

ಗ್ರೀನ್‌ಲ್ಯಾಂಡ್‌ನ ಕರಗಿದ ಮಂಜು ಕೂಡ ನದಿ ನೀರೇನಾ?

ಅನೇಕ ಮಾಡೆಲ್‌ಗಳಲ್ಲಿ ಹಾಗೇ, ದಡದಲ್ಲಿ ಮೇಲಿನಿಂದ ಸುರಿಯುತ್ತಾರೆ. ನಿಜದಲ್ಲಿ ಅದರ ಒಂದು ಭಾಗ ಹಿಮನದಿಯ ಬುಡದಿಂದ, ನೂರಾರು ಮೀಟರ್ ಆಳದಲ್ಲಿ ಹೊರಬರುತ್ತದೆ. ಇನ್ನೊಂದು ಭಾಗ ಮಂಜುಗಡ್ಡೆಯಾಗಿ ತೇಲಿ ದೂರ ಹೋಗಿ ಕರಗುತ್ತದೆ. ನೆಮೊದಲ್ಲಿ ತೇಲುವ ಮಂಜುಗಡ್ಡೆಗೆಂದೇ ಬೇರೆ ಭಾಗವಿದೆ.

ನನ್ನ ಕೈಗೆ ಒಂದು ಮಾಡೆಲ್ ಫಲಿತಾಂಶ ಬಂದಿದೆ. ಮೊದಲು ಏನು ನೋಡಲಿ?

ಉಪ್ಪಿನ ನಕ್ಷೆ ಆಮೇಲೆ ನೋಡಿ. ಮೊದಲು ನದಿ ಫೈಲ್ ತೆರೆಯಿರಿ. ಅದರ ಅಳತೆ ಸೆಕೆಂಡಿಗೆ ಘನ ಮೀಟರ್‌ನಲ್ಲಿದೆಯೋ, ಒಂದು ಚದರ ಮೀಟರ್‌ಗೆ ಸೆಕೆಂಡಿಗೆ ಎಷ್ಟು ಕಿಲೋ ಎಂದಿದೆಯೋ ನೋಡಿ. ಎರಡನೆಯದಾದರೆ ಪ್ರತಿ ಚೌಕದ ವಿಸ್ತೀರ್ಣದಿಂದ ಗುಣಿಸಿ, ನೀರಿನ ಸಾಂದ್ರತೆಯಿಂದ ಭಾಗಿಸಿ, ಎಲ್ಲ ಕೂಡಿಸಿ. ಒಟ್ಟು 1.2 ಸ್ವೆರ್‌ಡ್ರುಪ್ ಹತ್ತಿರ ಬರಬೇಕು. ಎರಡೂವರೆ ಬಂದರೆ ಎಲ್ಲೋ ಎರಡು ಸಲ ಕೂಡಿದೆ.

ಆಮೇಲೆ ದೊಡ್ಡ ನದಿಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಹುಡುಕಿ. ಗ್ರಿಡ್ ಬದಲಿಸುವಾಗ ನದಿ ಬಾಯಿ ನೆಲದ ಚೌಕಕ್ಕೆ ಬಿದ್ದರೆ, ತಂತ್ರಾಂಶ ಅದನ್ನು ಹತ್ತಿರದ ಕಡಲ ಚೌಕಕ್ಕೆ ತಳ್ಳುತ್ತದೆ. ಹತ್ತಿರದ್ದು ಅಂದರೆ ಸರಿಯಾದದ್ದು ಎಂದಲ್ಲ. ನಾನು ಒಮ್ಮೆ ಒಂದು ಕೊಲ್ಲಿಯ ಉಪ್ಪು ಯಾಕಿಷ್ಟು ಜಾಸ್ತಿ ಎಂದು ಎರಡು ವಾರ ಗಾಳಿಯನ್ನೂ ಮಳೆಯನ್ನೂ ಜಾಲಾಡಿದ್ದೆ. ನದಿ ಭೂಶಿರದ ಆಚೆ ಬದಿಯ ಕಡಲಿಗೆ ಬೀಳುತ್ತಿತ್ತು.